ನೈವಾಶಾದಲ್ಲಿ ಗಾಳ ಹಾಕಿದ ದಿನ

ನೈರೋಬಿ ಸಿಬಿಡಿಯಲ್ಲಿ ರೂಮು ಮಾಡ್ಕೊಂಡಿರೋ ನಮಗೆ ನಿಶ್ಶಬ್ದ ಅಂದ್ರೆ ಏನು ಅನ್ನೋದೇ ಮರೆತುಹೋಗಿತ್ತು. ಬೆಳಗಾಗುವ ಮುಂಚೆಯೇ ಟಾಮ್ ಎಂಬೋಯಾ ಸ್ಟ್ರೀಟಿನ ಮಟಾಟುಗಳ ಹಾರ್ನ್ ಶುರುವಾಗುತ್ತೆ. ಹಾಗಾಗಿ ಪರೀಕ್ಷೆ ಮುಗಿದ ಮಾರನೇ ದಿನವೇ ನಾವು ಮೂವರು ಚಿತ್ರಾನ್ನ ಕಟ್ಟಿಕೊಂಡು ನೈವಾಶಾ ಕೆರೆಗೆ ಹೊರಟೆವು. ಆರಾಮಾಗಿ ಒಂದು ದಿನ ಮೀನು ಹಿಡಿಯೋದು, ಅಷ್ಟೇ ಪ್ಲಾನು.

ಸುಮಾರು 90 ಕಿಲೋಮೀಟರ್ ದಾರಿ. ಲಿಮುರು ದಾಟಿದ ಮೇಲೆ ರಸ್ತೆ ಘಾಟಿಯ ಅಂಚಿಗೆ ಬಂದು, ಕೆಳಗೆ ರಿಫ್ಟ್ ಕಣಿವೆ ಇಡೀ ತೆರೆದುಕೊಳ್ಳುತ್ತದೆ. ನಮ್ಮ ಸಾಗರದ ಗೆಳೆಯ ಕಿಟಕಿಗೆ ಮುಖ ಒತ್ತಿ, "ಥೇಟ್ ನಮ್ಮ ಆಗುಂಬೆ ಕಣ್ರೋ, ಮಳೆ ಒಂದಿಲ್ಲ" ಅಂದ.

ಕೆರೆ ದಡದಲ್ಲಿ ಹಳದಿ ತೊಗಟೆಯ ಜಾಲಿ ಮರಗಳ ಕಾಡು. ಇವಕ್ಕೆ ಜ್ವರದ ಮರ ಅಂತ ಹೆಸರು. ನೀರಿನ ಹತ್ತಿರ ಬೆಳೆಯುವುದರಿಂದ, ಮಲೇರಿಯಾ ಬರುವುದು ಈ ಮರದಿಂದಲೇ ಅಂತ ಹಿಂದಿನ ಬಿಳಿಯರು ನಂಬಿದ್ದರಂತೆ. ದೋಣಿಯವನು ಮೊದಲೇ ಎಚ್ಚರಿಸಿದ: ಹಿಪ್ಪೋ ತಲೆ ಎತ್ತಿದರೆ ಮಾತು ಬೇಡ, ನಾನು ಹೇಳಿದಂಗೆ ಕೂತಿರಿ. ಎರೆಹುಳು ಸಿಕ್ಕಿಸಿ ಗಾಳ ಇಳಿಬಿಟ್ಟೆವು. ಮೀನುಹದ್ದಿನ ಕೂಗು ಬಿಟ್ಟರೆ ಸದ್ದೇ ಇಲ್ಲ. ಒಂದು ಗಂಟೆಗೆ ಅಂಗೈಯಗಲದ ಒಂದು ತಿಲಾಪಿಯಾ ಸಿಕ್ಕಿತು. ನಮಗೋ ತಿಮಿಂಗಿಲ ಹಿಡಿದಷ್ಟು ಖುಷಿ!

ಆಗ ನಮ್ಮ ಗೆಳೆಯ ಗಾಳ ಎತ್ತಿ ಪಕ್ಕಕ್ಕಿಟ್ಟ. ದಡದಿಂದ ದೂರ, ನೀರಿನ ಮಧ್ಯೆ ಒಣಗಿದ ಮರಗಳು ಸಾಲಾಗಿ ನಿಂತಿದ್ದವು. "ಇಲ್ಲಿ ಮೊದಲು ನೆಲ ಇತ್ತಾ?" ಅಂತ ಕೇಳಿದ. ದೋಣಿಯವನು ಹೌದೆಂದ. ಕೆಲ ವರ್ಷಗಳಿಂದ ಬರಿಂಗೊ, ನಕುರು, ನೈವಾಶಾ, ಈ ಕಣಿವೆಯ ಕೆರೆಗಳೆಲ್ಲ ಉಬ್ಬುತ್ತಿವೆ. 2020ರಲ್ಲಿ ಕಿಹೋಟೊ ಬಡಾವಣೆಯ ಮನೆಗಳಿಗೂ ನೀರು ನುಗ್ಗಿತು. ಅವನ ಅಕ್ಕನ ಮನೆಯೂ ಅಲ್ಲೇ ಇತ್ತಂತೆ. ನಮಗೆ ಗೊತ್ತಿದ್ದ ಸ್ವಾಹಿಲಿಯಲ್ಲಿ "ಪೋಲೆ ಸಾನಾ" ಅಂದೆವು. ಬಹಳ ಬೇಜಾರಾಯ್ತು ಅಂತ ಅದರರ್ಥ. ಅವನು ತಲೆಯಾಡಿಸಿ ಹುಟ್ಟು ಹಾಕಿದ.

ಗೆಳೆಯನ ಅಜ್ಜಿಯ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅಜ್ಜಿಗೆ ಮದುವೆಯಾಗಿ ಎರಡೇ ವರ್ಷ. ಬೇಸಿಗೆಯಲ್ಲಿ ನೀರು ಇಳಿದರೆ ಮರದ ಬೊಡ್ಡೆಗಳು ಹೀಗೇ ಮೇಲೆ ಬರುತ್ತವೆ ಅಂದ. ಅಲ್ಲಿ ಮನುಷ್ಯರು ಕಟ್ಟಿ ನಿಲ್ಲಿಸಿದ ನೀರು, ಇಲ್ಲಿ ತಾನಾಗೇ ಏರಿದ ನೀರು. "ಅಜ್ಜಿ ಇವತ್ತಿಗೂ ಹಿನ್ನೀರಿನ ಮೀನು ಮುಟ್ಟಲ್ಲ. ಅದು ನಮ್ಮ ಹಿತ್ಲಲ್ಲಿ ಮೇಯ್ದದ್ದು ಅಂತಾಳೆ." ನಗಬೇಕೋ ಬೇಡವೋ ಗೊತ್ತಾಗದೆ ನಾವು ಸುಮ್ಮನೆ ಕೂತೆವು. ತಿಲಾಪಿಯಾವನ್ನು ದೋಣಿಯವನಿಗೇ ಕೊಟ್ಟೆವು.

ರಾತ್ರಿ ರೂಮಿಗೆ ಬಂದು ಅಜ್ಜಿಗೆ ಫೋನು ಹಚ್ಚಿದೆವು. ಎಲ್ಲಾ ಕೇಳಿಸಿಕೊಂಡ ಅಜ್ಜಿ ಹಿಪ್ಪೋ ಬಗ್ಗೆ ಕೇಳಲಿಲ್ಲ, ಮೀನಿನ ಬಗ್ಗೆಯೂ ಕೇಳಲಿಲ್ಲ. "ಅಲ್ಲಿಯೋರಿಗೆ ಬದ್ಲಿ ಜಾಗ ಕೊಟ್ರನಾ?" ಅಂದರು.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅದನ್ನು ನಾವು ಕೇಳಿರಲೇ ಇಲ್ಲ.

ಮುಂದಿನ ರಜೆಗೆ ಮತ್ತೆ ನೈವಾಶಾಕ್ಕೆ ಹೋಗುತ್ತಿದ್ದೇವೆ. ದೋಣಿಯವನ ನಂಬರ್ ಇದೆ. ಗಾಳ ಹಾಕೋದು ಆಮೇಲೆ, ಮೊದಲು ಅವನ ಅಕ್ಕನ ವಿಷಯ ಕೇಳಬೇಕು. ಬರೋರು ಇದ್ರೆ ಹೇಳಿ, ಚಿತ್ರಾನ್ನ ಜಾಸ್ತಿ ಕಲಸ್ತೀವಿ.