ತಡವಾದ ವಿಮಾನ, ಜೋಪಾನವಾದ ರಸೀದಿ

ನಮ್ಮ ಕಾಲದ ಉಪಾಧ್ಯಾಯರಿಗೆ ವಿಮೆಯೆಂದರೆ ಎರಡೇ ಬಗೆ. ಒಂದು, ಸಂಬಳದ ಬಿಲ್ಲಿನಲ್ಲಿ ತಿಂಗಳು ತಿಂಗಳೂ ಕಡಿತವಾಗುತ್ತಿದ್ದ ಕೆ.ಜಿ.ಐ.ಡಿ.; ಇನ್ನೊಂದು, ಪರಿಚಯದ ಏಜೆಂಟರು ಮನೆಗೆ ಬಂದು ಕಾಫಿ ಕುಡಿದು ಮಾಡಿಸಿ ಹೋಗುತ್ತಿದ್ದ ಎಲ್.ಐ.ಸಿ. ಪಾಲಿಸಿ. ಎರಡರ ಹಣವೂ ಕೈಸೇರುವುದು ಬಹುಮಟ್ಟಿಗೆ ನಿವೃತ್ತಿಯ ವೇಳೆಗೆ, ಇಲ್ಲವೇ ನಾವು ಕಣ್ಮುಚ್ಚಿದ ಮೇಲೆ ಮನೆಯವರಿಗೆ. ಒಂದು ರಾತ್ರಿಯ ತೊಂದರೆಗೂ ವಿಮೆಯುಂಟು ಎಂಬುದು ನಮ್ಮ ಕಲ್ಪನೆಗೆ ನಿಲುಕದ ಸಂಗತಿಯಾಗಿತ್ತು. ಈಗ ಹಲವು ಕ್ರೆಡಿಟ್ ಕಾರ್ಡುಗಳ ಜೊತೆಗೇ ಪ್ರಯಾಣ ವಿಮೆ ಬರುತ್ತದೆ. ವಿಮಾನ ತಡವಾದರೆ ಊಟ, ವಸತಿಗಳ ಖರ್ಚನ್ನು ಅದು ಭರಿಸುವುದುಂಟು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಮ್ಮ ತಂದೆತಾಯಿಗಳಿಗೆ ಟಿಕೆಟ್ಟು ಕೊಂಡುಕೊಡುವ ವಯಸ್ಸಿಗೆ ಬಂದಿರುವುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

2023ರ ಜನವರಿಯಲ್ಲಿ ನಾನೂ ನನ್ನ ಶ್ರೀಮತಿಯೂ ಕಾಶಿ, ಪ್ರಯಾಗಗಳನ್ನು ಮುಗಿಸಿಕೊಂಡು ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದೆವು. ಸಂಜೆ ಆರು ಗಂಟೆಯ ವಿಮಾನ. ಉತ್ತರ ಭಾರತದಲ್ಲಿ ಅದು ದಟ್ಟ ಮಂಜಿನ ಕಾಲ. ಬೆಳಗಿನ ವಿಮಾನಗಳು ಹೊತ್ತಿಗೆ ಸರಿಯಾಗಿ ಇಳಿಯದಿದ್ದರೆ ಸಂಜೆಯ ವೇಳಾಪಟ್ಟಿಯೂ ಹಿಂದಕ್ಕೆ ಜರುಗುತ್ತದೆ. ಮೊದಲು ಏಳೂವರೆ ಎಂದರು, ಆಮೇಲೆ ಒಂಬತ್ತು ಎಂದರು. ಒಂಬತ್ತೂವರೆಗೆ ಮೊಬೈಲಿಗೆ ಸಂದೇಶ ಬಂತು: ವಿಮಾನ ಹೊರಡುವುದು ಮರುದಿನ ಬೆಳಿಗ್ಗೆ ಏಳೂವರೆಗೆ! ಶ್ರೀಮತಿಗೆ ಎರಡೂ ಮೊಣಕಾಲುಗಳ ನೋವು. ರಾತ್ರಿ ಕಾಲು ಚಾಚಿ ಮಲಗದಿದ್ದರೆ ಬೆಳಿಗ್ಗೆ ಎದ್ದು ನಿಲ್ಲುವುದೇ ಕಷ್ಟ. ಆದರೂ ಆಕೆ ಮೊದಲು ಆಡಿದ ಮಾತು, "ಒಂದು ರಾತ್ರಿಗೋಸ್ಕರ ಯಾಕ್ರೀ ಅಷ್ಟು ದುಡ್ಡು? ಇಲ್ಲೇ ಕೂತಿರೋಣ ಬಿಡಿ" ಎಂದು.

ಇಂಥ ಹೊತ್ತಿನಲ್ಲಿ ವಿಮಾನ ಸಂಸ್ಥೆಯ ಹೊಣೆಯೇನೆಂಬುದನ್ನು ತಿಳಿದಿರಬೇಕು. ನಮ್ಮ ದೇಶದಲ್ಲಿ ಇದಕ್ಕೆ ಡಿ.ಜಿ.ಸಿ.ಎ.ಯ ನಿಯಮವಿದೆ. ಹಾರಾಟದ ಅವಧಿಗೆ ತಕ್ಕಂತೆ ಎರಡರಿಂದ ನಾಲ್ಕು ಗಂಟೆ ತಡವಾದರೆ ಊಟ, ಉಪಾಹಾರ ಕೊಡಬೇಕು. ಆದರೆ ಹೋಟೆಲು ಕೊಡಬೇಕಾದದ್ದು 24 ಗಂಟೆ ಮೀರಿದ ವಿಳಂಬಕ್ಕೆ. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾಗಿದ್ದ ವಿಮಾನವಾದರೆ 6 ಗಂಟೆ ಮೀರಿದ ವಿಳಂಬಕ್ಕೆ. ನಮ್ಮದು ಆರು ಗಂಟೆಯ ವಿಮಾನ. ವಿಳಂಬ ಹದಿಮೂರೂವರೆ ಗಂಟೆ. ಎರಡು ನಿಯಮಗಳ ನಡುವಿನ ಸಂದಿಯಲ್ಲಿ ನಾವು ಸಿಕ್ಕಿಕೊಂಡಿದ್ದೆವು. ಹವಾಮಾನದ ಕಾರಣಕ್ಕೆ ನಗದು ಪರಿಹಾರವೂ ಇಲ್ಲ. ನಮಗೆ ದೊರೆತದ್ದು ತಲಾ ಒಂದು ಪೊಟ್ಟಣ ಉಪ್ಪಿಟ್ಟು, ಒಂದು ಬಾಟಲಿ ನೀರು.

ಆ ಸಂದಿಯನ್ನು ತುಂಬುವುದು ಕಾರ್ಡಿನ ವಿಮೆ. ಟಿಕೆಟ್ಟನ್ನು ನನ್ನ ಕಾರ್ಡಿನಿಂದಲೇ ಕೊಂಡಿದ್ದೆ. ಊರು ಬಿಡುವ ಮುನ್ನ ಪಾಲಿಸಿಯ ಪುಟಗಳನ್ನು ಪಠ್ಯಪುಸ್ತಕದಂತೆ ಅಡಿಗೆರೆ ಎಳೆದು ಓದಿದ್ದೆ. ಆರು ಗಂಟೆ ಮೀರಿದ ವಿಳಂಬಕ್ಕೆ, ಹವಾಮಾನವೇ ಕಾರಣವಾದರೂ, ನ್ಯಾಯವಾದ ಖರ್ಚನ್ನು ಕೊಡುತ್ತೇವೆಂದು ಅದರಲ್ಲಿ ಬರೆದಿತ್ತು. ಪತ್ನಿಯೂ ವಿಮೆಗೆ ಒಳಪಟ್ಟಿದ್ದಳು. "ಕಾರ್ಡಿನವರು ಕೊಡುತ್ತಾರೆ, ಏಳು" ಎಂದೆ. ಆಕೆ ಎದ್ದಳು. ಭದ್ರತಾ ತಪಾಸಣೆ ಮುಗಿಸಿದವರು ಹೊರಬರಲು ವಿಮಾನ ಸಂಸ್ಥೆಯ ಸಿಬ್ಬಂದಿಯ ನೆರವು ಬೇಕು. ಅದನ್ನು ಕೇಳಿ ಪಡೆದು, ಹತ್ತಿರದ ಮಹಿಪಾಲಪುರದ ಸಾಧಾರಣ ವಸತಿಗೃಹವೊಂದನ್ನು ಸೇರಿದೆವು. ಕೋಣೆಗೆ 3,600 ರೂಪಾಯಿ, ಊಟಕ್ಕೆ 540. ಊರಿಗೆ ಬಂದ ಮೇಲೆ ವಿಮಾನ ಸಂಸ್ಥೆಗೆ ಬರೆದು, ನಿಗದಿತ ಸಮಯ, ಹೊರಟ ಸಮಯ, ಕಾರಣ ಮೂರನ್ನೂ ನಮೂದಿಸಿದ ಪತ್ರ ತರಿಸಿಕೊಂಡೆ. ರಸೀದಿಗಳು, ಬೋರ್ಡಿಂಗ್ ಪಾಸುಗಳು, ಕಾರ್ಡಿನ ಲೆಕ್ಕಪಟ್ಟಿಗಳನ್ನು ಅದರೊಡನೆ ಕಳುಹಿಸಿದೆ. ಐದು ವಾರಗಳ ಬಳಿಕ 4,140 ರೂಪಾಯಿ ಖಾತೆಗೆ ಬಂತು. ಟ್ಯಾಕ್ಸಿಯವನ ಬಳಿ ರಸೀದಿಯಿರಲಿಲ್ಲವಾಗಿ ಆ ಹಣ ಬರಲಿಲ್ಲ.

ಈ ಕಥೆ ಕೇಳಿದ ನಿವೃತ್ತ ಸಹೋದ್ಯೋಗಿಯೊಬ್ಬರು, "ಮೇಷ್ಟ್ರೇ, ನಾಲ್ಕು ಸಾವಿರಕ್ಕೆ ಇಷ್ಟೊಂದು ಕಾಗದವೇ? ಕೈಯೊಡ್ಡಿದ ಹಾಗಾಗಲಿಲ್ಲವೇ?" ಎಂದು ನಕ್ಕರು. ಎಸ್.ಎಸ್.ಎಲ್.ಸಿ. ಮೌಲ್ಯಮಾಪನಕ್ಕೆ ಹೋಗಿ ಬಂದು, ಬಸ್ಸಿನ ಚೀಟಿಗಳನ್ನು ಅಂಟಿಸಿ ಟಿ.ಎ. ಬಿಲ್ಲು ಬರೆದವರಲ್ಲವೇ ನಾವು? ಆಗಿಲ್ಲದ ಸಂಕೋಚ ಈಗೇಕೆ? ಕಾರ್ಡಿನ ವಾರ್ಷಿಕ ಶುಲ್ಕವನ್ನು ಕೊಟ್ಟಮೇಲೆ ಅದರೊಡನೆ ಬಂದ ವಿಮೆಯನ್ನು ಕೇಳುವುದು ನಮ್ಮ ಹಕ್ಕು. ಇನ್ನೂ ಒಂದು ಮಾತು. ಐದು ವಾರಗಳ ಬಳಿಕ ಬಂದ ಹಣ ನನಗೆ ಮುಖ್ಯವೆನಿಸಲಿಲ್ಲ. ಜೀವಮಾನವೆಲ್ಲ ತನಗಾಗಿ ಖರ್ಚು ಮಾಡಲು ಹಿಂಜರಿದ ಹೆಂಗಸು ಆ ರಾತ್ರಿ ಕಾಲು ಚಾಚಿ ಮಲಗಿದಳು. ವಿಮೆಯಿದೆಯೆಂಬ ಅರಿವು ಅಷ್ಟು ಧೈರ್ಯ ಕೊಟ್ಟಿತು. ಇದರ ನಿಜವಾದ ಉಪಯೋಗ ಅದೇ ಎಂದು ನನ್ನ ನಂಬಿಕೆ.

ಇನ್ನು ನೆನಪಿಡಬೇಕಾದ ಸಂಗತಿಗಳು. ಸಾಮಾನ್ಯವಾಗಿ ಟಿಕೆಟ್ಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕು. ಎಷ್ಟು ಗಂಟೆಯ ವಿಳಂಬವೆಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಕೆಲವು ಪಾಲಿಸಿಗಳು ಗೊತ್ತುಪಡಿಸಿದ ಮೊತ್ತವನ್ನು ಕೊಡುತ್ತವೆ. ಕೆಲವು ರಸೀದಿಯಿದ್ದ ಖರ್ಚನ್ನಷ್ಟೇ ಮರಳಿಸುತ್ತವೆ. ವಿಮಾನ ಸಂಸ್ಥೆ ಕೊಟ್ಟದ್ದನ್ನು ವಿಮೆಯವರು ಮತ್ತೆ ಕೊಡುವುದಿಲ್ಲ. ಟಿಕೆಟ್ಟು ಕೊಳ್ಳುವ ಮೊದಲೇ ಪ್ರಕಟವಾಗಿದ್ದ ಅಡಚಣೆಗೆ ಪರಿಹಾರ ಸಿಗುವುದು ಕಷ್ಟ. ಅರ್ಜಿಗೆ ಗಡುವುಂಟು, ಊರು ಸೇರಿದ ಕೂಡಲೇ ಬರೆಯುವುದು ಲೇಸು. ಕಾರ್ಡು ಕೊಟ್ಟ ಬ್ಯಾಂಕು ಬೇರೆ, ವಿಮಾ ಕಂಪನಿ ಬೇರೆ ಎಂಬುದೂ ಗಮನದಲ್ಲಿರಲಿ. ನಮ್ಮ ದೇಶದ ವಿಮಾ ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೂ, ಅಲ್ಲಿಯೂ ಬಗೆಹರಿಯದಿದ್ದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೂ ಬರೆಯಬಹುದು. ಬೆಂಗಳೂರಿನಲ್ಲಿಯೇ ಅವರ ಕಚೇರಿಯಿದೆ, ಶುಲ್ಕವಿಲ್ಲ.

ಯುರೋಪಿನ ಮಾರ್ಗವಾಗಿ ಬರುವ ಬಂಧುಗಳಿಗೊಂದು ಮಾತು. ಐರೋಪ್ಯ ಒಕ್ಕೂಟದ ದೇಶಗಳಿಂದ ಹೊರಡುವ ವಿಮಾನಗಳಿಗೆ 2004ರ 261ನೆಯ ಸಂಖ್ಯೆಯ ನಿಯಮವಿದೆ. ಅದರ ಪ್ರಕಾರ, ಹವಾಮಾನವೇ ಕಾರಣವಾದರೂ, ವಿಮಾನ ಮರುದಿನಕ್ಕೆ ಹೋದರೆ ಊಟ, ವಸತಿಗಳು ವಿಮಾನ ಸಂಸ್ಥೆಯ ಹೊಣೆ. ಅಲ್ಲಿ ಮೊದಲು ಅವರನ್ನೇ ಕೇಳಿ.

ಹೊರದೇಶದಲ್ಲಿರುವ ಮಕ್ಕಳು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಪಾಲಿಸಿಯಲ್ಲಿ 'ಕುಟುಂಬ' ಎಂದರೆ ಯಾರು ಎಂಬುದನ್ನು. ನಮ್ಮಲ್ಲಿ ಕುಟುಂಬವೆಂದರೆ ಅಜ್ಜ, ಅಜ್ಜಿ, ಸೋದರತ್ತೆ ಎಲ್ಲರೂ ಉಂಟು. ಅನೇಕ ಕಾರ್ಡುಗಳ ಲೆಕ್ಕದಲ್ಲಿ ಗಂಡ, ಹೆಂಡತಿ, ಅವಲಂಬಿತ ಮಕ್ಕಳು ಇಷ್ಟೇ. ನೀವು ಹಣ ಕೊಟ್ಟಿದ್ದರೂ ನಿಮ್ಮ ತಂದೆತಾಯಿ ಅದರೊಳಗೆ ಬರದಿರಬಹುದು. ಬಾರದಿದ್ದರೆ ಅವರಿಗಾಗಿ ಬೇರೆ ಪ್ರಯಾಣ ವಿಮೆ ಮಾಡಿಸಿ. ಬರುವುದಾದರೆ ಆ ಪುಟವನ್ನು ಮುದ್ರಿಸಿ ಅವರ ಕೈಚೀಲದಲ್ಲಿಡಿ. ಅಷ್ಟಾದರೂ ಅವರು ಖರ್ಚಿಗೆ ಹೆದರಿ ಕುರ್ಚಿಯಲ್ಲಿಯೇ ಕುಳಿತುಬಿಟ್ಟಾರು. ಆದುದರಿಂದ ಟಿಕೆಟ್ಟು ಕಳುಹಿಸುವ ದಿನವೇ ಫೋನು ಮಾಡಿ ಹೇಳಿ: "ಅಮ್ಮಾ, ರಾತ್ರಿಯೆಲ್ಲ ತಡವಾಗುತ್ತದೆ ಅಂದರೆ ಕೋಣೆ ಹಿಡಿಯಿರಿ. ಹೊಟ್ಟೆ ತುಂಬ ಊಟ ಮಾಡಿ. ಚೀಟಿ ಮಾತ್ರ ಬಿಸಾಡಬೇಡಿ." ಮಕ್ಕಳ ಬಾಯಿಂದ ಬಂದ ಈ ಮಾತಿಗೆ ಪಾಲಿಸಿಯ ಇಪ್ಪತ್ತು ಪುಟಗಳಿಗಿಂತ ಹೆಚ್ಚು ಬೆಲೆಯುಂಟು.