ಹಾಸು ಹೊಕ್ಕು

ಮಗ್ಗವನ್ನು ಕಂಡವರಿಗೆ ಟೆನ್ನಿಸ್ ರ‍್ಯಾಕೆಟ್ಟಿನ ಮರ್ಮವನ್ನು ತಿಳಿಸುವುದು ಕಷ್ಟವಲ್ಲ. ಉದ್ದಕ್ಕೆ ಬಿಗಿದ ಗಟ್ಟು ಹಾಸು. ಅದರ ಮೇಲೊಮ್ಮೆ ಕೆಳಗೊಮ್ಮೆ ನುಸುಳಿ ಅಡ್ಡ ಹಾಯುವ ಗಟ್ಟು ಹೊಕ್ಕು. ರ‍್ಯಾಕೆಟ್ಟಿನ ಮೇಲೆ 16, 19 ಎಂದು ಬರೆದಿದ್ದರೆ ಹಾಸು ಹದಿನಾರು, ಹೊಕ್ಕು ಹತ್ತೊಂಬತ್ತು. ಅದು ಜಾಳು ಹೆಣಿಗೆ. 18, 20 ಎಂದಿದ್ದರೆ ಒತ್ತು ಹೆಣಿಗೆ. ಲೆಕ್ಕ ಹಾಕಿದರೆ ಎರಡಕ್ಕೂ ಮೂರೇ ಎಳೆಯ ಅಂತರ. ಆ ಮೂರು ಎಳೆಗಳ ವಿಷಯದಲ್ಲಿ ಆಟಗಾರರು ಮಾಡುವ ವಾಗ್ವಾದವನ್ನು ಕೇಳಿದರೆ ಛಂದಸ್ಸಿನ ಮಾತ್ರೆಗಳಿಗಾಗಿ ಕಾದಾಡುವ ಪಂಡಿತರೂ ತಲೆದೂಗಬೇಕು.

ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟ ಹೆದ್ದಾರಿಯಲ್ಲಿ, ಚನ್ನರಾಯಪಟ್ಟಣಕ್ಕೆ ಮುನ್ನ ಸಿಗುವ ಹಿರೀಸಾವೆ ತೆಂಗಿನ ಸೀಮೆಯ ಊರು. ಇಂಥ ಊರುಗಳ ಹುಡುಗರಿಗೆ ಪರಿಚಿತವಾದದ್ದು ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಟೆನ್ನಿಸ್ ಏನಿದ್ದರೂ ಪರದೆಯ ಮೇಲಿನ ವೈಭವ. ಆದರೂ 2024ರ ಜನವರಿಯಲ್ಲಿ ನೆರೆಯ ಕೊಡಗಿನ ರೋಹನ್ ಬೋಪಣ್ಣ ತಮ್ಮ 43ನೆಯ ವಯಸ್ಸಿನಲ್ಲಿ ಮೆಲ್ಬರ್ನಿನಲ್ಲಿ ಮ್ಯಾಥ್ಯೂ ಎಬ್ಡನ್ನರೊಡನೆ ಜೋಡಿ ಪ್ರಶಸ್ತಿಯನ್ನು ಎತ್ತಿ ಹಿಡಿದಾಗ, ಬೆಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿದ್ದ ಹಿರೀಸಾವೆಯ ತರುಣನೊಬ್ಬನಿಗೆ ಟೆನ್ನಿಸಿನ ಹುಚ್ಚು ಹಿಡಿಯಿತು. ಯಾರೋ ಆಡಿ ಬಿಟ್ಟ ರ‍್ಯಾಕೆಟ್ಟನ್ನು ಅಗ್ಗಕ್ಕೆ ಕೊಂಡ. ಅದು ಒತ್ತು ಹೆಣಿಗೆಯದು. ವರ್ಷ ಕಳೆಯುವುದರೊಳಗೆ ಅವನ ಹೊಡೆತದಲ್ಲಿ ಬಲ ಬಂದಿತು. ಆದರೆ ಚೆಂಡು ಮಾತ್ರ ಬಲೆಯನ್ನು ದಾಟಿದರೆ ಗೆರೆಯನ್ನೂ ದಾಟುತ್ತಿತ್ತು. ಕಾಲೇಜಿನ ತಂಡದ ಆಯ್ಕೆಗೆ ಇನ್ನು ಒಂದೇ ತಿಂಗಳು. ಜಾಳು ಹೆಣಿಗೆಯ ಹೊಸ ರ‍್ಯಾಕೆಟ್ಟೊಂದೇ ಗತಿಯೆಂದು ಅವನು ನಿಶ್ಚಯಿಸಿದ. ಕಾಯಿ ಮಾರಿದ ಹಣದಲ್ಲಿ ಕೊಡಿಸಲು ತಂದೆ ಒಪ್ಪಿದರು, “ಒಂದೇ ಸಲ, ಇನ್ನೊಂದು ಸಲ ಕೇಳ್ಬ್ಯಾಡ” ಎಂಬ ಕರಾರಿನ ಮೇಲೆ. ಕರಾರು ನ್ಯಾಯವಾದದ್ದೇ. ಗಟ್ಟನ್ನು ಬದಲಾಯಿಸಬಹುದು, ಬಿಗಿಯನ್ನು ಏರಿಸಿ ಇಳಿಸಬಹುದು; ಹೆಣಿಗೆ ಚೌಕಟ್ಟಿನಲ್ಲಿ ಕೊರೆದ ತೂತುಗಳಿಗೆ ಕಟ್ಟುಬಿದ್ದದ್ದು.

ಹುಡುಗನ ತರ್ಕದಲ್ಲಿ ಹುರುಳಿಲ್ಲದೆ ಇರಲಿಲ್ಲ. ಚೆಂಡು ಗಟ್ಟಿನ ಮೇಲೆ ನಿಲ್ಲುವುದು ಸೆಕೆಂಡಿನ ಸಾವಿರದ ಐದು ಭಾಗದಷ್ಟು ಕಾಲ. ಕೆಳಗಿನಿಂದ ಮೇಲಕ್ಕೆ ಸವರಿ ಹೊಡೆದಾಗ ಚೆಂಡು ಹಾಸಿನ ಎಳೆಗಳನ್ನು ಪಕ್ಕಕ್ಕೆ ಎಳೆದೊಯ್ಯುತ್ತದೆ. ಹಾಗೆ ಸರಿದ ಎಳೆಗಳು, ಚೆಂಡು ಬಿಟ್ಟುಹೋಗುವ ಮೊದಲೇ ಚಿಮ್ಮಿ ಸ್ವಸ್ಥಾನಕ್ಕೆ ಮರಳಿದರೆ, ಆ ಚಿಮ್ಮುವಿಕೆ ಚೆಂಡನ್ನು ಇನ್ನಷ್ಟು ತಿರುಗಿಸುತ್ತದೆ. ಮುಂದಕ್ಕೆ ಉರುಳುವಂತೆ ಸುತ್ತುವ ಚೆಂಡನ್ನು ಗಾಳಿಯೇ ಕೆಳಕ್ಕೆ ಒತ್ತುವುದರಿಂದ ಅದು ಎತ್ತರದಲ್ಲಿ ಹೋಗಿಯೂ ಗೆರೆಯೊಳಗೆ ಇಳಿಯುತ್ತದೆ. ಗಟ್ಟು ಒರಟಾಗಿದ್ದಷ್ಟೂ ಚೆಂಡನ್ನು ಚೆನ್ನಾಗಿ ಹಿಡಿದು ತಿರುಗಿಸುತ್ತದೆಂಬ ಹಳೆಯ ನಂಬಿಕೆ ಅರ್ಧಸತ್ಯ. ಎಳೆಗಳು ತಮ್ಮತಮ್ಮೊಳಗೆ ನುಣುಪಾಗಿ ಜಾರಬೇಕು. ಹೊಕ್ಕು ಕಡಮೆಯಾದಷ್ಟೂ ಹಾಸಿಗೆ ತಡೆ ಕಡಮೆ.

ಇದರ ಪರಾಕಾಷ್ಠೆಯನ್ನು ಜಗತ್ತು 1977ರಲ್ಲಿ ಕಂಡಿತು. ಜರ್ಮನಿಯ ವೆರ್ನರ್ ಫಿಷರ್ ಎಂಬಾತ, ಉದ್ಯೋಗದಿಂದ ತೋಟಗಾರ, ಹಾಸನ್ನು ಎರಡು ಪದರವಾಗಿ ಕಟ್ಟಿ, ಹೊಕ್ಕಿನ ಕೆಲವೇ ಎಳೆಗಳನ್ನು ನಡುವೆ ನೇಯದೆ ಹಾಯಿಸಿದ. ಹಾಸಿಗೆ ಪ್ಲಾಸ್ಟಿಕ್ ಕೊಳವೆಗಳನ್ನು ತೊಡಿಸಿದ್ದರಿಂದ ಅದಕ್ಕೆ ‘ಸ್ಪಗೆಟಿ ರ‍್ಯಾಕೆಟ್’ ಎಂಬ ಅಡುಗೆಮನೆಯ ಹೆಸರು ಬಂದಿತು. ಹಾಸು ಯಥೇಚ್ಛವಾಗಿ ಜಾರಿತು. ಚೆಂಡು ಹುಚ್ಚು ಬುಗುರಿಯಾಯಿತು. ಇದರಿಂದ ಸೋತು ಸಿಟ್ಟಾದ ಇಲಿ ನಸ್ತಾಸೆ, ಆಮೇಲೆ ತಾನೇ ಅದನ್ನು ಹಿಡಿದು ಫ್ರಾನ್ಸಿನ ಎಕ್ಸ್ ನಗರದ ಅಂತಿಮ ಪಂದ್ಯಕ್ಕೆ ಇಳಿದ. ಮಣ್ಣಿನ ಅಂಕಣದಲ್ಲಿ ಸತತವಾಗಿ 53 ಪಂದ್ಯಗಳನ್ನು ಗೆದ್ದಿದ್ದ ಗಿಯೆರ್ಮೊ ವಿಲಾಸ್ ಎರಡು ಸೆಟ್ ಸೋತು, ಇದು ಆಟವೇ ಅಲ್ಲವೆಂದು ಹೊರನಡೆದ. ಕೆಲವೇ ದಿನಗಳಲ್ಲಿ ನಿಷೇಧ ಬಂದಿತು. ಮರುವರ್ಷ ಹಾಸೂ ಹೊಕ್ಕೂ ಒಂದನ್ನೊಂದು ನೇಯ್ದುಕೊಂಡೇ ಇರಬೇಕೆಂಬುದು ನಿಯಮವಾಯಿತು. ವಿಲಾಸನ ಕೋಪ ಅರ್ಥವಾಗುವಂಥದು; ತೋಟಗಾರನ ಬುದ್ಧಿಗೂ ಒಂದು ನಮಸ್ಕಾರ ಸಲ್ಲಬೇಕು.

ಇನ್ನು ಬಲದ ಮಾತು. ನೂರು ಅಂಗುಲದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಟೆನ್ನಿಸ್ ಚೆಂಡು ಐವತ್ತೈದು ಅಂಗುಲದ ಆಸುಪಾಸಿಗೆ ಏಳುತ್ತದೆ. ಉಳಿದ ಶಕ್ತಿ ಚೆಂಡು ಚಪ್ಪಟೆಯಾಗುವುದರಲ್ಲೇ ವ್ಯಯ. ಗಟ್ಟು ಅಷ್ಟು ದುಂದುಗಾರನಲ್ಲ. ಪಡೆದದ್ದರಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಆದ್ದರಿಂದ ಗಟ್ಟು ಹೆಚ್ಚು ಬಾಗಿದಷ್ಟೂ ಚೆಂಡು ಕಡಮೆ ಚಪ್ಪಟೆಯಾಗಿ ವೇಗ ತುಸು ಹೆಚ್ಚುತ್ತದೆ. ಜಾಳು ಹೆಣಿಗೆಯ ಬಲ ಇದೇ. ಆದರೆ ವೇಗಕ್ಕಿಂತಲೂ ಎದ್ದು ಕಾಣುವುದು ಚೆಂಡು ಹೊರಡುವ ಕೋನ. ಜಾಳು ಹೆಣಿಗೆಯಿಂದ ಅದು ಮೇಲೆದ್ದು ಹೊರಡುತ್ತದೆ, ಒತ್ತು ಹೆಣಿಗೆಯಿಂದ ತಗ್ಗಾಗಿ, ಹೇಳಿದ ಮಾತು ಕೇಳುವಂತೆ. ಇದನ್ನೇ ಹತೋಟಿಯೆನ್ನುವುದು. ಎಣಿಕೆಯೊಂದನ್ನೇ ನೆಚ್ಚಿದರೂ ಮೋಸ: ಪೀಟ್ ಸಾಂಪ್ರಾಸನ ರ‍್ಯಾಕೆಟ್ಟಿನಲ್ಲಿ ಹಾಸು 16, ಹೊಕ್ಕು 18 ಮಾತ್ರ, ಆದರೆ ಮುಖ 85 ಚದರ ಅಂಗುಲದಷ್ಟು ಕಿರಿದಾದ್ದರಿಂದ ಕಂಡಿಗಳು ಪುಟ್ಟವು.

ರಜೆಗೆ ಊರಿಗೆ ಬಂದಾಗ ಹುಡುಗ ಇದನ್ನೆಲ್ಲ ಹಟ್ಟಿಯ ಮುಂದೆ ನಾರಿನ ಹಗ್ಗದಿಂದ ಮಂಚ ಹೆಣೆಯುತ್ತಿದ್ದ ತಾತನಿಗೆ ವಿವರಿಸಿದ.

“ಜಾಳಾಗಿ ಹೆಣುದ್ರೆ ಮಂಚ ಜಗ್ಗ್‌ತದೆ ನಿಜ, ಆದ್ರೆ ಹಗ್ಗ ಬಿರ‍್ನೆ ಸವೀತದೆ ಕಣ್ ಮಗ. ಒಂದುಕ್ಕೊಂದು ತಿಕ್ಕಾಡ್ತವಲ್ಲ!” ಎಂದರು ತಾತ. ಪಾಲಿಯೆಸ್ಟರ್ ಗಟ್ಟಿನವರೂ ಹೇಳುವುದು ಇದನ್ನೇ. ಅನಂತರ ಅವರು ರ‍್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. “ಇದ್ಯಾಕ್ಲಾ ಎಳೆಗಳೆಲ್ಲ ಸೊಟ್ಟಗವೆ?”

“ಆಡ್ವಾಗ ಸರಿದುಬಿಡ್ತವೆ ತಾತ. ಎಲ್ರೂ ಬೆರಳಲ್ಲಿ ಸರಿ ಮಾಡ್ಕೋತಾರೆ, ಟೀವೀಲಿ ನೋಡಿಲ್ವಾ?”

“ಸರಿದಿದ್ದು ತಾನಾಗೇ ವಾಪಸ್ ಬರಬೇಕು ಅಂತ ಈಗ್ತಾನೆ ಹೇಳ್ದಲ್ಲ!”

ಹುಡುಗ ನಿರುತ್ತರನಾದ. ಕೊಂಡಂದಿನಿಂದ ಆ ಗಟ್ಟು ಬದಲಾಗಿರಲಿಲ್ಲ. ಹಾಸು ಹೊಕ್ಕು ಕೂಡುವೆಡೆಯಲ್ಲೆಲ್ಲ ಕಚ್ಚು ಬಿದ್ದು, ಸರಿದ ಎಳೆ ಆ ಕಚ್ಚಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬೆರಳಿನಿಂದ ಎಳೆ ಸರಿಪಡಿಸುವ ಠೀವಿಯನ್ನು ದೊಡ್ಡ ಆಟಗಾರರಿಂದ ಕಲಿತವನು, ಅದು ಸತ್ತ ಗಟ್ಟಿನ ಲಕ್ಷಣವೂ ಆಗಬಹುದೆಂಬುದನ್ನು ಕಲಿತಿರಲಿಲ್ಲ.

ಬೆಂಗಳೂರಿಗೆ ಮರಳಿದವನು ಹಳೆಯ ಚೌಕಟ್ಟಿಗೇ ನುಣುಪಾದ ಹೊಸ ಗಟ್ಟು ಹಾಕಿಸಿದ. ಪೂರ್ತಿ ಪಾಲಿಯೆಸ್ಟರ್ ಬಿರುಸು, ಮೊಣಕೈಗೆ ಕೇಡು ಎಂದು ಅಂಗಡಿಯವನು ಎಚ್ಚರಿಸಿದ್ದರಿಂದ ಹಾಸಿಗೆ ಮಾತ್ರ ಅದು, ಹೊಕ್ಕಿಗೆ ಮೆತ್ತನೆಯದು. ಬಿಗಿ 50 ಪೌಂಡು. ಚೆಂಡೆಲ್ಲ ಗೆರೆಯೊಳಗೇ ಬಿದ್ದವೆಂದಲ್ಲ. ಒತ್ತು ಹೆಣಿಗೆ ಒತ್ತು ಹೆಣಿಗೆಯೇ. ತೋಳು ಕೆಳಗಿನಿಂದ ಮೇಲಕ್ಕೆ ಬಿರುಸಾಗಿ ಸಾಗದೆ ಯಾವ ಹೆಣಿಗೆಯೂ ಚೆಂಡನ್ನು ತಿರುಗಿಸಲಾರದು. ಆದರೆ ಹತ್ತರಲ್ಲಿ ಎರಡು ಇಳಿಯುತ್ತಿದ್ದಲ್ಲಿ ಆರು ಇಳಿದವು. ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರು ಕಟ್ಟಕಡೆಗೆ, ಬದಲಿ ಆಟಗಾರನಾಗಿ ಬಂದಿತು. ತಂದೆಗೆ ಫೋನು ಮಾಡಿ, ರ‍್ಯಾಕೆಟ್ಟಿನ ಹಣ ಸದ್ಯಕ್ಕೆ ಬೇಡವೆಂದ. ‘ಸದ್ಯಕ್ಕೆ’ ಎಂಬ ಪದವನ್ನು ತುಸು ಒತ್ತಿಯೇ ಹೇಳಿದನಂತೆ.