ಮಳೆಗೆ ಕಾಯುವ ಗೆಡ್ಡೆ

ಈಸ್ಟರ್ ಕಳೆಯುತ್ತಿದ್ದಂತೆ ಜರ್ಮನಿಯ ನಮ್ಮ ಬೀದಿಯಲ್ಲಿ ಕಂದು ಬಣ್ಣದ ಕಸದ ತೊಟ್ಟಿಗಳಿಗೆ ಸೈಕ್ಲಮೆನ್ ಗಿಡಗಳು ಮಣ್ಣಿನ ಸಮೇತ ಬೀಳತೊಡಗುತ್ತವೆ. ಚಳಿಗಾಲವಿಡೀ ಕಿಟಕಿಯಲ್ಲಿ ಚಿಟ್ಟೆ ಕೂತಂತೆ ಹೂ ಬಿಟ್ಟ ಗಿಡ. ಎಲೆ ಹಳದಿಯಾಯಿತೆಂದರೆ ಆಯುಸ್ಸು ಮುಗಿಯಿತೆಂದೇ ಎಲ್ಲರ ಲೆಕ್ಕ. ಸಂಘದ ಸದಸ್ಯರ ಮನೆಗಳಲ್ಲೂ ಇದೇ ರೂಢಿಯೆಂದು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಇಲ್ಲಿನವರು ಇದನ್ನು ಆಲ್ಪೆನ್‌ಫೈಲ್ಷನ್, ಅಂದರೆ ಆಲ್ಪ್ಸ್ ಬೆಟ್ಟದ ವಯೊಲೆಟ್ ಎನ್ನುತ್ತಾರೆ. ಅಂಗಡಿಯಲ್ಲಿ ಮಾರುವ ಕುಂಡದ ಗಿಡ ಆಲ್ಪ್ಸಿನದೂ ಅಲ್ಲ, ವಯೊಲೆಟ್ಟೂ ಅಲ್ಲ. ಅದರ ತವರು ಟರ್ಕಿ, ಸಿರಿಯಾ, ಲೆಬನಾನಿನ ಕಲ್ಲುಗುಡ್ಡಗಳು. ಅಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ. ಮಳೆ ನಿಂತು ಬಿಸಿಲೇರಿದರೆ ಗಿಡ ಎಲೆ ಕಳಚಿ ಗೆಡ್ಡೆಯೊಳಗೆ ಮಲಗುತ್ತದೆ. ನಾವದನ್ನು ಸಾವೆಂದು ತಿಳಿಯುತ್ತೇವೆ.

ಇದನ್ನು ಅಮ್ಮನಿಗೆ ಒಪ್ಪಿಸುವುದು ಡಾಕ್ಟರೇಟ್ ಪರೀಕ್ಷಕರನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. ಅಪ್ಪ ತೀರಿಕೊಂಡ ಮೇಲೆ, 90 ದಿನದ ವೀಸಾದಲ್ಲಿ, ಅಮ್ಮ ಫೆಬ್ರವರಿಯಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದರು. ನಾವು ಕೆಲಸಕ್ಕೆ ಹೋದರೆ ಮಾತಿಗೆ ಜನವಿಲ್ಲ. ಆ ಕುಂಡವೇ ಅವರಿಗೆ ತುಳಸಿಕಟ್ಟೆ. ಏಪ್ರಿಲ್‌ನಲ್ಲಿ ನಾವು ನೀರು ಕಡಿಮೆ ಮಾಡಿದಾಗ ಅವರ ಮುಖ ಕಪ್ಪಿಟ್ಟಿತು.

“ಇದ್ದಷ್ಟು ದಿನ ಹೂ ಕೊಟ್ಟಿದೆ. ಒಂದು ಚೊಂಬು ನೀರಿಗೂ ಬಡತನವೇನೋ ನಿಮಗೆ?”

ನಮ್ಮಿಬ್ಬರಲ್ಲಿ ಸೊಸೆಯಾದವರು ಕೇಳಿದರು: “ಅತ್ತೆ, ಹಿತ್ತಲಿನ ಸುವರ್ಣಗೆಡ್ಡೆಗೆ ಬೇಸಿಗೆಯಲ್ಲಿ ನೀರು ಹಾಕ್ತೀರಾ?”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇದೂ ಮಳೆಗೆ ಕಾಯೋ ಜಾತಿ ಅನ್ನು” ಎಂದರು. ಮರುದಿನದಿಂದ ಚೊಂಬು ಅಡುಗೆಮನೆಯಲ್ಲೇ ಉಳಿಯಿತು.

ಮಾಡಬೇಕಾದ್ದು ಇಷ್ಟೆ. ಬಾಡಿದ ಹೂವನ್ನು ಕತ್ತರಿಸದೆ, ತೊಟ್ಟನ್ನು ಬುಡದಲ್ಲಿ ತಿರುಚಿ ಎಳೆದು ತೆಗೆಯಿರಿ. ಉಳಿದ ತುಂಡು ಕೊಳೆತರೆ ಗೆಡ್ಡೆಗೂ ಕೊಳೆ ಹತ್ತುತ್ತದೆ. ಎಲೆ ಹಳದಿಯಾದಂತೆ ನೀರನ್ನು ಮೆಲ್ಲಗೆ ಇಳಿಸಿ, ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ, ಕುಂಡವನ್ನು ತಂಪಾದ ನೆರಳಿಗೆ ಸರಿಸಿ. ಶಾಲೆಗೆ ರಜೆ ಬಂದು ನಾವೆಲ್ಲ ಊರಿಗೆ ಹೊರಡುವುದೂ ಆಗಲೇ. ಗಿಡಕ್ಕೆ ನೀರು ಹಾಕಿರೆಂದು ನೆರೆಮನೆಯವರ ಮುಂದೆ ಹಲ್ಲು ಗಿಂಜಬೇಕಿಲ್ಲ! ಹಿಂತಿರುಗಿದ ಮೇಲೆ ಹೊಸ ಮಣ್ಣಿಗೆ ಹಾಕಿ, ಗೆಡ್ಡೆಯ ನೆತ್ತಿ ಮಣ್ಣಿನ ಮೇಲೆ ಕಾಣುವಂತಿರಲಿ. ಚಿಗುರಿದ ಮೇಲೆ ನೀರನ್ನು ಕೆಳಗಿನ ತಟ್ಟೆಗೆ ಹಾಕಿ, ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದನ್ನು ಚೆಲ್ಲಿಬಿಡಿ. ಹೀಟರಿನ ಪಕ್ಕ ಮಾತ್ರ ಇಡಬೇಡಿ. 15 ಡಿಗ್ರಿಯ ಆಸುಪಾಸಿನ ಕೋಣೆ ಅದಕ್ಕೆ ಸ್ವರ್ಗ. ಸಾರಜನಕ ಹೆಚ್ಚಿರುವ ಗೊಬ್ಬರ ಹಾಕಿದರೆ ಎಲೆಯ ಪೊದೆಯಾದೀತು, ಹೂ ಕಡಿಮೆ.

ರಸಾಯನಶಾಸ್ತ್ರದವರ ಒಂದು ಮಾತು. ಈ ಗೆಡ್ಡೆಯಲ್ಲಿ ಸಪೋನಿನ್‌ಗಳಿವೆ. ಅಂಟುವಾಳ, ಸೀಗೆಕಾಯಿ ನೊರೆ ಬರುವುದೂ ಈ ಜಾತಿಯ ವಸ್ತುಗಳಿಂದಲೇ. ಆದರೆ ಇದು ಹೊಟ್ಟೆಗೆ ಹೋದರೆ ವಿಷ. ಸುವರ್ಣಗೆಡ್ಡೆಯ ತುರಿಕೆಯನ್ನು ಹುಣಿಸೇಹಣ್ಣಿನಿಂದ ಕಳೆದಂತೆ ಇದನ್ನು ಕಳೆಯಲಾಗದು. ನೆಲಮಾಳಿಗೆಯಲ್ಲಿ ಇಡುವವರು ಆಲೂಗಡ್ಡೆ, ಈರುಳ್ಳಿಯಿಂದ ದೂರವಿಟ್ಟು ಚೀಟಿ ಅಂಟಿಸಿ. ಮಕ್ಕಳ ಕೈಗೂ ಸಿಗದಿರಲಿ.

ಅಮ್ಮ ಮೇ ತಿಂಗಳಲ್ಲಿ ಹೊರಟರು. ಮಂಡಿನೋವು, ಅಷ್ಟು ದೂರದ ಪ್ರಯಾಣ. ಮತ್ತೆ ಬರುವ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ “ಎದ್ದಿತಾ?” ಎಂದು ವಿಚಾರಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಗೆಡ್ಡೆಯ ನೆತ್ತಿಯ ಮೇಲೆ ಸಾಸಿವೆ ಗಾತ್ರದ ಚಿಗುರು ಕಂಡ ದಿನ ನಾವೇ ಕರೆ ಮಾಡಿದೆವು.

“ಈಗ ಹಾಕಿ ನೀರು. ಒಮ್ಮೆಲೇ ಸುರೀಬೇಡಿ ಮತ್ತೆ” ಎಂದರು ಅಮ್ಮ.